ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಿ

ಮಗ ಮೂರನೇ ಕ್ಲಾಸು, ಮಾತು ತೊದಲುತ್ತೆ, ಗೇಲಿ ಮಾಡದ ಪ್ರೈವೇಟ್ ಶಾಲೆ ಬೆಂಗಳೂರಿನಲ್ಲಿ ಯಾವುದಿದೆ ಅಂತ ಕೇಳಿದ್ದೀರಿ. ನನ್ನ ಮಗಳದ್ದೂ ಇದೇ ಕತೆ. ಎರಡು ವರ್ಷದ ಹಿಂದೆ ಶಾಲೆ ಬದಲಾಯಿಸಿದೆವು.

ಮೊದಲ ಶಾಲೆಯಲ್ಲಿ ಹಾಜರಿ ಕೂಗಿದಾಗ ಇವಳು 'ಪ್ರೆಸೆಂಟ್ ಮಿಸ್' ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ 'ಪ್ಪ ಪ್ಪ ಪ್ಪ' ಶುರುವಾಗುತ್ತಿತ್ತು. ದೂರು ಕೊಟ್ಟರೆ "ಮಕ್ಕಳಲ್ವಾ ಮೇಡಂ, ಸರಿಹೋಗುತ್ತೆ" ಎಂಬ ಉತ್ತರ. ಈಜುಕೊಳ ಮಾತ್ರ ಚೆನ್ನಾಗಿತ್ತು.

ಆಮೇಲೆ ನಾಲ್ಕು ಶಾಲೆ ಸುತ್ತಿದೆವು. ಒಂದು ಕಡೆ ಅಡ್ಮಿಷನ್‌ಗೆ ಮೊದಲೇ ಪದ್ಯ ಹೇಳಿಸಿದರು. ಇವಳು ತಡವರಿಸಿದಾಗ ಎದುರಿಗಿದ್ದವರು ಗಡಿಯಾರ ನೋಡಿಕೊಂಡರು. ಅಲ್ಲಿಂದ ಎದ್ದು ಬಂದೆವು. ಅಸಲಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ, ಅಪ್ಪ ಅಮ್ಮನನ್ನಾಗಲಿ ಹೀಗೆ ಪರೀಕ್ಷಿಸುವ ಹಾಗೇ ಇಲ್ಲ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ. (2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.)

ಓಪನ್ ಹೌಸ್ ದಿನ ಹೋಗಿ ಪ್ರಯೋಜನವಿಲ್ಲ. ಅವತ್ತು ಎಲ್ಲ ಶಾಲೆಯೂ ಮದುವೆ ಮನೆಯೇ. ಸುಮ್ನೆ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತುಕೊಳ್ಳಿ. ನಾವು ಕೊನೆಗೆ ಸೇರಿಸಿದ ಶಾಲೆಯ ಮುಂದೆ ನಾನು ನಿಂತಿದ್ದಾಗ ಒಬ್ಬ ಹುಡುಗನ ಡಬ್ಬಿ ಬಿದ್ದು ಮಿಕ್ಕಿದ್ದ ಚಿತ್ರಾನ್ನವೆಲ್ಲ ಚೆಲ್ಲಿತು. ಮಕ್ಕಳು ನಗಲಿಲ್ಲ ಅಂತಲ್ಲ, ನಕ್ಕರು. ಆದರೆ ಇಬ್ಬರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅನ್ನ ಬಳಿದರು. ಇನ್ನೊಬ್ಬಳು ಆಯಾಗೆ "ಅಕ್ಕಾ, ಪೊರಕೆ ಕೊಡಿ" ಅಂದಳು. ಆ 'ಅಕ್ಕಾ' ಕೇಳಿಯೇ ನನಗೆ ಅರ್ಧ ಧೈರ್ಯ ಬಂತು.

ಇನ್ನರ್ಧ ಪ್ರಿನ್ಸಿಪಾಲರಿಂದ. ಇಲ್ಲಿ ಗೇಲಿ ನಡೆಯುತ್ತಾ ಅಂತ ನೇರವಾಗಿ ಕೇಳಿದೆ. ಉಳಿದ ಮೂರು ಕಡೆ "ನಮ್ಮಲ್ಲಿ ಇಲ್ಲವೇ ಇಲ್ಲ" ಅಂದಿದ್ದರು. ಇವರು "ನಡೆಯುತ್ತೆ, ಹೋದ ತಿಂಗಳೂ ಒಂದಾಯಿತು" ಅಂತ ಹೇಳಿ, ಇಬ್ಬರು ಮಕ್ಕಳನ್ನೂ ಕೂರಿಸಿ ಏನು ಮಾಡಿದೆವು ಅಂತ ವಿವರಿಸಿದರು.

ಕನಕಪುರ ರಸ್ತೆಯ ವ್ಯಾಲಿ ಸ್ಕೂಲ್ ನೋಡಿ ಅಂತ ತುಂಬಾ ಜನ ಹೇಳಿದರು. ಜೆ. ಕೃಷ್ಣಮೂರ್ತಿಯವರ ವಿಚಾರದ ಮೇಲೆ ನಡೆಯುವ ಶಾಲೆ ಅದು. ಆದರೆ ನಮ್ಮ ಮನೆ ಯಲಹಂಕ. ಈ ಟ್ರಾಫಿಕ್‌ನಲ್ಲಿ ಮಗು ಊರನ್ನು ಉದ್ದಕ್ಕೂ ದಾಟಬೇಕಲ್ಲ, ಬೇಡ ಅಂದುಕೊಂಡೆವು.

ಹಾಂ, ವ್ಯಾನಿನ ಬಗ್ಗೆಯೂ ವಿಚಾರಿಸಿ. ಅಲ್ಲಿ ಟೀಚರ್ ಇರುವುದಿಲ್ಲ. ಹೊಸ ಶಾಲೆಯಲ್ಲೂ 'ಪ್ಪ ಪ್ಪ' ಮತ್ತೆ ಕೇಳಿಸಿದ್ದು ವ್ಯಾನಿನಲ್ಲೇ. ಡ್ರೈವರಣ್ಣ ಗಾಡಿ ಪಕ್ಕಕ್ಕೆ ಹಾಕಿ, ಎಲ್ಲರೂ ಸುಮ್ಮನಾಗುವವರೆಗೂ ಹೊರಡಲೇ ಇಲ್ಲವಂತೆ. ಅವತ್ತು ಮನೆಗೆ ಇಪ್ಪತ್ತು ನಿಮಿಷ ತಡವಾಗಿ ಬಂದಳು.