ಓದುಗರ ಪ್ರಶ್ನೆಗೆ ಉತ್ತರ: ಕಚೇರಿಯ ತಂತ್ರಾಂಶ ಎಲ್ಲರ ಕೈಗೂ ಒದಗುವುದೇ?

ಪ್ರಶ್ನೆ: ರಜೆ, ಹಾಜರಾತಿ ಮತ್ತು ಖರ್ಚಿನ ಬಿಲ್ಲುಗಳ ನಿರ್ವಹಣೆಗೆ ಹೊಸ ತಂತ್ರಾಂಶ ಕೊಳ್ಳಲು ನಮ್ಮ ಸಂಸ್ಥೆ ನೇಮಿಸಿರುವ ಸಮಿತಿಯಲ್ಲಿ ನಾನು ಸದಸ್ಯೆ. ಸಹೋದ್ಯೋಗಿಗಳಲ್ಲಿ ಒಬ್ಬರಿಗೆ ದೃಷ್ಟಿಯಿಲ್ಲ. ಇನ್ನೊಬ್ಬರು ಕೈನಡುಕದ ಕಾರಣ ಮೌಸ್ ಬಳಸಲಾರರು. ತಮ್ಮ ತಂತ್ರಾಂಶವನ್ನು ಅಂಗವಿಕಲರೂ ಸರಾಗವಾಗಿ ಬಳಸಬಹುದೆಂದು ಹೇಳಿ ಮಾರಾಟಗಾರರು ದೊಡ್ಡದೊಂದು ವರದಿ ಕೊಟ್ಟಿದ್ದಾರೆ. ನಮ್ಮಲ್ಲಿ ಈ ವಿಷಯದ ಪರಿಣತರಿಲ್ಲ. ಆ ವರದಿಯನ್ನು ನಂಬಬಹುದೇ?

ಉತ್ತರ: ವರದಿಯನ್ನು ಖಂಡಿತ ಓದಿ, ಆದರೆ ಅದನ್ನೇ ನೆಚ್ಚಿಕೊಂಡು ಸಹಿ ಹಾಕಬೇಡಿ. ನಿಮ್ಮ ಕೈಯಲ್ಲಿರುವುದು ಬಹುಶಃ ವಿಪಿಎಟಿ ಎಂಬ ನಮೂನೆಯಲ್ಲಿ ಸಿದ್ಧವಾದ ವರದಿ. ಅಮೆರಿಕದ ತಂತ್ರಜ್ಞಾನ ಕಂಪನಿಗಳ ಒಕ್ಕೂಟವಾದ ಐಟಿಐ ರೂಪಿಸಿರುವ ಈ ನಮೂನೆಯನ್ನು ಭರ್ತಿ ಮಾಡುವವರು ಸಾಮಾನ್ಯವಾಗಿ ಮಾರಾಟಗಾರರೇ. ಹೊರಗಿನವರೊಬ್ಬರು ಅದನ್ನು ಪರಿಶೀಲಿಸಿರಲೇಬೇಕೆಂಬ ನಿಯಮವಿಲ್ಲ. ಪ್ರತಿಯೊಂದು ಮಾನದಂಡದ ಮುಂದೆಯೂ ತಂತ್ರಾಂಶ ಅದನ್ನು ಪೂರೈಸುತ್ತದೆ, ಭಾಗಶಃ ಪೂರೈಸುತ್ತದೆ, ಪೂರೈಸುವುದಿಲ್ಲ ಅಥವಾ ಅದು ಅನ್ವಯಿಸುವುದಿಲ್ಲ ಎಂದು ಬರೆದು, ಪಕ್ಕದ ಅಂಕಣದಲ್ಲಿ ವಿವರಣೆ ಕೊಡಬೇಕು. ಎಲ್ಲ ಸಾಲಿನಲ್ಲೂ ‘ಪೂರೈಸುತ್ತದೆ’ ಎಂದಿದ್ದು ವಿವರಣೆಯ ಅಂಕಣ ಖಾಲಿ ಬಿದ್ದಿದ್ದರೆ ನನಗೆ ಅನುಮಾನ ಹೆಚ್ಚುತ್ತದೆ. ಇಂಥ ಪುಟದಲ್ಲಿ ಇಂಥ ತೊಡಕಿದೆ ಎಂದು ಒಪ್ಪಿಕೊಂಡಿರುವ ವರದಿ ಅದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅಲ್ಲಿ ಯಾರೋ ನಿಜವಾಗಿ ಪರೀಕ್ಷಿಸಿದ್ದಾರೆ.

ವರದಿಯ ದಿನಾಂಕ, ತಂತ್ರಾಂಶದ ಆವೃತ್ತಿ ಮತ್ತು ಪರೀಕ್ಷೆಯ ವಿಧಾನವನ್ನು ಮೊದಲು ನೋಡಿ. ಯಾವ ಮಾನದಂಡ ಬಳಸಿದ್ದಾರೆ ಎಂಬುದೂ ಮುಖ್ಯ. ಜಗತ್ತಿನ ಬಹುಪಾಲು ಕಡೆ ಆಧಾರವಾಗಿರುವ, ಜಾಲಪುಟಗಳನ್ನು ಅಂಗವಿಕಲರೂ ಬಳಸುವಂತೆ ರೂಪಿಸಲು ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.0 ಆವೃತ್ತಿ 2008ರದ್ದು, 2.1 ಆವೃತ್ತಿ 2018ರದ್ದು, 2.2 ಆವೃತ್ತಿ 2023ರದ್ದು. ಮೌಸ್‌ನಿಂದ ಎಳೆದು ಬಿಡುವ ಕೆಲಸಗಳಿಗೆ ಎಳೆಯದೆ ಮಾಡುವ ಬದಲಿ ದಾರಿ ಇರಬೇಕು, ಒತ್ತುವ ಗುರಿಗಳು ತೀರ ಚಿಕ್ಕದಾಗಿರಬಾರದು ಎಂಬ, ಎಎ ಎಂದು ಕರೆಯುವ ಮಧ್ಯಮ ಮಟ್ಟದ ನಿಯಮಗಳು ಬಂದದ್ದು 2.2ರಲ್ಲಿ. ಕೈ ನಡುಗುವವರಿಗೆ ಇವು ಬೇಕೇ ಬೇಕಾದವು. ಹಳೆಯ ಆವೃತ್ತಿಗೆ ಬರೆದ ವರದಿಯಲ್ಲಿ ಇವುಗಳ ಪ್ರಸ್ತಾಪವೇ ಇರುವುದಿಲ್ಲ.

ಇಷ್ಟು ಓದಿದ ಮೇಲೆ ಪ್ರಾಯೋಗಿಕ ಬಳಕೆಗೆ ಖಾತೆಗಳನ್ನು ಕೇಳಿ ಪಡೆಯಿರಿ. ಮಾರಾಟಗಾರರು ತಾವೇ ಮೌಸ್ ಹಿಡಿದು, ತಮಗೆ ಗೊತ್ತಿರುವ ದಾರಿಯಲ್ಲಿ ಮಾಡಿ ತೋರಿಸುವ ಪ್ರದರ್ಶನದಿಂದ ನಿಮಗೆ ಬೇಕಾದದ್ದು ತಿಳಿಯುವುದಿಲ್ಲ. ರಜೆಗೆ ಅರ್ಜಿ ಹಾಕುವುದು, ಬಿಲ್ಲಿನ ಪ್ರತಿ ಲಗತ್ತಿಸುವುದು, ವೇತನ ಚೀಟಿ ತೆರೆದು ಓದುವುದು, ತಪ್ಪಾಗಿ ತುಂಬಿದ ಅರ್ಜಿಯನ್ನು ತಿದ್ದುವುದು, ಹೀಗೆ ನಿತ್ಯದ ಕೆಲಸಗಳನ್ನು ಪಟ್ಟಿ ಮಾಡಿ ಒಂದೊಂದನ್ನೂ ಆರಂಭದಿಂದ ಕೊನೆಯವರೆಗೆ ಮಾಡಿ ನೋಡಬೇಕು. ಮೊದಲ ಸುತ್ತನ್ನು ನೀವೇ ಮಾಡಬಹುದು. ಮೌಸನ್ನು ಬದಿಗಿಟ್ಟು ಟ್ಯಾಬ್, ಎಂಟರ್, ಸ್ಪೇಸ್, ಎಸ್ಕೇಪ್ ಮತ್ತು ಬಾಣದ ಕೀಲಿಗಳಿಂದಷ್ಟೇ ಕೆಲಸ ಮುಗಿಸಲು ಯತ್ನಿಸಿ. ಈಗ ತೆರೆಯ ಯಾವ ಭಾಗದಲ್ಲಿದ್ದೀರಿ ಎಂಬುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದೆಯೇ, ದಿನಾಂಕ ಆರಿಸುವ ಕ್ಯಾಲೆಂಡರಿನೊಳಗೆ ಹೋಗಿ ಹೊರಬರಲು ಸಾಧ್ಯವೇ, ಮೇಲೆ ತೆರೆದುಕೊಂಡ ಚಿಕ್ಕ ಕಿಟಕಿಯನ್ನು ಮುಚ್ಚಿದಾಗ ಮೊದಲಿದ್ದ ಜಾಗಕ್ಕೇ ಮರಳುತ್ತೀರಾ ಎಂಬುದನ್ನು ಗಮನಿಸಿ. ಅನೇಕ ತಂತ್ರಾಂಶಗಳು ಈ ಸರಳ ಪರೀಕ್ಷೆಯಲ್ಲೇ ಎಡವುತ್ತವೆ.

ಎರಡನೆಯ ಸುತ್ತು ನಿಮ್ಮ ಆ ಇಬ್ಬರು ಸಹೋದ್ಯೋಗಿಗಳದ್ದು. ಇದನ್ನು ಅವರು ಮಾಡುವ ಉಪಕಾರವೆಂದು ಭಾವಿಸದೆ, ಕೆಲಸದ ವೇಳೆಯಲ್ಲೇ, ಕೆಲಸವೆಂದೇ ಲೆಕ್ಕ ಹಿಡಿದು ಮಾಡಿಸಿ. ದೃಷ್ಟಿಯಿಲ್ಲದವರು ತಾವು ದಿನವೂ ಬಳಸುವ, ತೆರೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರಿನಲ್ಲೇ ಪರೀಕ್ಷಿಸಲಿ, ಅದು ಉಚಿತವಾಗಿ ಸಿಗುವ ಎನ್‌ವಿಡಿಎ ಆಗಿರಲಿ, ಜಾಸ್ ಆಗಿರಲಿ. ಗುಂಡಿಯೊಂದರ ಹೆಸರು ಹೇಳದೆ ಬರಿದೇ ‘ಬಟನ್’ ಎಂದು ಓದಿದರೆ ಅದು ಅಳಿಸುವುದೋ ಉಳಿಸುವುದೋ ಅವರಿಗೆ ತಿಳಿಯದು. ತಪ್ಪು ತುಂಬಿದ ಅಂಕಣವನ್ನು ಕೆಂಪು ಗೆರೆಯಿಂದ ಮಾತ್ರ ಸೂಚಿಸಿದರೆ ಅರ್ಜಿ ಏಕೆ ಮುಂದೆ ಹೋಗುತ್ತಿಲ್ಲವೆಂಬುದೇ ಗೊತ್ತಾಗುವುದಿಲ್ಲ. ಬಳಸುತ್ತಿರುವವರು ಮನುಷ್ಯರೇ ಎಂದು ಖಚಿತಪಡಿಸಿಕೊಳ್ಳಲು ಲಾಗಿನ್ ಪುಟದಲ್ಲಿ ಒಡ್ಡುವ ಕ್ಯಾಪ್ಚಾ, ಸ್ವಲ್ಪ ತಡವಾದರೆ ತುಂಬಿದ್ದೆಲ್ಲ ಕಳೆದುಹೋಗುವ ಕಾಲಮಿತಿ, ಸಹಾಯದ ಕೈಪಿಡಿ, ಮೊಬೈಲ್ ಆ್ಯಪ್, ಇವೂ ಪರೀಕ್ಷೆಯೊಳಗೆ ಬರಬೇಕು. ನೌಕರರು ನೋಡುವ ಪುಟಗಳನ್ನಷ್ಟೇ ಪರೀಕ್ಷಿಸಿ, ಅರ್ಜಿಗಳನ್ನು ಮಂಜೂರು ಮಾಡುವ ಅಧಿಕಾರಿಯ ಪುಟಗಳನ್ನು ಬಿಟ್ಟುಬಿಡುವ ರೂಢಿಯೊಂದಿದೆ. ಅಂಗವಿಕಲರು ಮೇಲಿನ ಹುದ್ದೆಗೆ ಬರುವುದೇ ಇಲ್ಲವೆಂದು ಮೊದಲೇ ತೀರ್ಮಾನಿಸಿದಂತಿರುವ ಈ ರೂಢಿ ನನಗೆ ಬಹಳ ನೋವು ತರುತ್ತದೆ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಅಂಗವಿಕಲರು ಯಾರೂ ಇಲ್ಲ. ಆದರೂ ಇಷ್ಟೆಲ್ಲ ಪರೀಕ್ಷೆ ಅಗತ್ಯವೇ?

ಉತ್ತರ: ಅಗತ್ಯ. ಕಡಿಮೆ ದೃಷ್ಟಿ, ಬಣ್ಣಗುರುಡು, ಓದುವ ತೊಂದರೆ ಇರುವವರು ಅದನ್ನು ಕಚೇರಿಯಲ್ಲಿ ಹೇಳಿಕೊಂಡಿರಲೇಬೇಕೆಂದಿಲ್ಲ. ಒಮ್ಮೆ ಕೊಂಡ ತಂತ್ರಾಂಶ ವರ್ಷಗಟ್ಟಲೆ ಉಳಿಯುತ್ತದೆ. ಅಷ್ಟರಲ್ಲಿ ಇಂದಿನ ನೌಕರರ ಕಣ್ಣು ಕೈಗಳೂ ಹೀಗೆಯೇ ಇರುವುದಿಲ್ಲ, ಹೊಸಬರೂ ಸೇರುತ್ತಾರೆ.

ಪ್ರಶ್ನೆ: ಸ್ವಯಂಚಾಲಿತ ಪರೀಕ್ಷೆಯಲ್ಲಿ ತಮ್ಮ ತಂತ್ರಾಂಶಕ್ಕೆ ನೂರಕ್ಕೆ ನೂರು ಅಂಕ ಬಂದಿದೆ ಎಂದು ಕಂಪನಿಯೊಂದು ಹೇಳುತ್ತಿದೆ. ಇದು ಸಾಲದೇ?

ಉತ್ತರ: ಸಾಲದು. ಲೈಟ್‌ಹೌಸ್, ವೇವ್ ಮುಂತಾದ ಸಾಧನಗಳು ಉಪಯುಕ್ತವೇ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಕನಿಷ್ಠ 4.5:1 ಅನುಪಾತದ ಹೊಳಪಿನ ವ್ಯತ್ಯಾಸವನ್ನು ಅವು ಚೆನ್ನಾಗಿ ಅಳೆಯುತ್ತವೆ. ಚಿತ್ರಕ್ಕೆ ವಿವರಣೆ ಇದೆಯೇ ಎಂಬುದನ್ನೂ ಹೇಳುತ್ತವೆ, ಆ ವಿವರಣೆಗೆ ಅರ್ಥವಿದೆಯೇ ಎಂಬುದನ್ನು ಹೇಳಲಾರವು. ಒಬ್ಬ ವ್ಯಕ್ತಿ ರಜೆಯ ಅರ್ಜಿಯನ್ನು ಕೊನೆಮುಟ್ಟಿಸಬಲ್ಲರೇ ಎಂಬುದು ಯಾವ ಅಂಕದಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನಮಗೆ ಒಪ್ಪಿಗೆಯಾದ ತಂತ್ರಾಂಶದಲ್ಲಿ ಕೆಲವು ದೋಷಗಳು ಕಂಡಿವೆ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸುವುದಾಗಿ ಮಾರಾಟಗಾರರು ಹೇಳುತ್ತಾರೆ. ಸಹಿ ಹಾಕಬಹುದೇ?

ಉತ್ತರ: ಆ ದೋಷ ಯಾರ ಕೆಲಸವನ್ನು ಪೂರ್ತಿಯಾಗಿ ತಡೆಯುತ್ತದೆ ಎಂಬುದನ್ನು ಮೊದಲು ಬೇರ್ಪಡಿಸಿ. ವೇತನ ಚೀಟಿಯನ್ನೇ ಓದಲಾಗದಂತಿದ್ದರೆ ಸಹಿ ಹಾಕಬೇಡಿ. ‘ಇನ್ನೊಬ್ಬರಿಂದ ಓದಿಸಿಕೊಳ್ಳಲಿ’ ಎಂಬುದು ಪರಿಹಾರವಲ್ಲ. ತನ್ನ ಸಂಬಳವನ್ನೂ ಕಾಯಿಲೆಯ ರಜೆಯ ಕಾರಣವನ್ನೂ ಮತ್ತೊಬ್ಬರ ಮುಂದೆ ತೆರೆದಿಡಬೇಕಾದ ಸ್ಥಿತಿಗೆ ಯಾವ ನೌಕರರನ್ನೂ ತಳ್ಳಬಾರದು. ಸಣ್ಣ ತೊಡಕುಗಳಾದರೆ ಪ್ರತಿಯೊಂದನ್ನೂ ಹೆಸರಿಸಿ, ಸರಿಪಡಿಸುವ ದಿನಾಂಕದೊಂದಿಗೆ ಕರಾರಿನಲ್ಲಿ ಬರೆಸಿ, ಹಣದ ಒಂದು ಕಂತನ್ನು ಅದಕ್ಕೆ ಹೊಂದಿಸಿ. ಬಾಯಿಮಾತಿನ ಭರವಸೆಯನ್ನು ಈಡೇರಿಸಿಕೊಳ್ಳುವ ಶಕ್ತಿ ಖರೀದಿದಾರರಿಗೆ ಇರುವುದು ಸಹಿ ಹಾಕುವವರೆಗೆ ಮಾತ್ರ. ಹೊಸ ಆವೃತ್ತಿ ಬಂದಾಗ ಸರಿಯಿದ್ದದ್ದೂ ಕೆಡುವುದುಂಟು. ಆದ್ದರಿಂದ ದೊಡ್ಡ ಬದಲಾವಣೆಯಾದಾಗಲೆಲ್ಲ ಮರುಪರೀಕ್ಷೆ ಮಾಡುವ ಹಕ್ಕು, ದೋಷ ತಿಳಿಸಿದರೆ ಎಷ್ಟು ದಿನದೊಳಗೆ ಉತ್ತರ ಬರಬೇಕೆಂಬ ಗಡುವು, ಮಾತು ತಪ್ಪಿದರೆ ದಂಡವಿಲ್ಲದೆ ಕರಾರನ್ನು ಮುಗಿಸುವ ಅವಕಾಶ, ಈ ಮೂರೂ ಅದೇ ಕರಾರಿನಲ್ಲಿರಬೇಕು. ಕರಡು ಸಿದ್ಧವಾದಾಗ, ಪರೀಕ್ಷೆಯಲ್ಲಿ ದೋಷಗಳನ್ನು ಕಂಡವರಿಗೇ ಅದನ್ನು ಮೊದಲು ಓದಲು ಕೊಡಿ.