ನಾಲ್ಕು ಓಮ್ ಸ್ಪೀಕರಿಗೆ ರಿಸೀವರ್ ಸಾಲುತ್ತಿಲ್ಲವೇ?

ಶೆಟ್ಟರೇ, ನೀವು ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಠಾಣೆಯ ಹೊಸ ಮನೆಗೆ 4 ಓಮ್ ತಡೆಯ, 84 ಡೆಸಿಬೆಲ್ ಸೆನ್ಸಿಟಿವಿಟಿಯ (ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಎಂಬ ಅಳತೆ) ಟವರ್ ಸ್ಪೀಕರ್ ತಂದಿದ್ದೀರಿ. ಸಿನಿಮಾದಲ್ಲಿ ಸ್ಫೋಟದ ದೃಶ್ಯ ಬಂದೊಡನೆ, ಸ್ಪೀಕರುಗಳನ್ನು ನುಡಿಸುವ 80 ವಾಟಿನ ರಿಸೀವರ್ ತಾನಾಗಿ ಆರಿಹೋಗುತ್ತದೆ. ಅಂಗಡಿಯವರು 110 ವಾಟಿನದಕ್ಕೆ ಬದಲಾಯಿಸಿ ಎನ್ನುತ್ತಿದ್ದಾರೆ. ದಯವಿಟ್ಟು ಬೇಡ. 80ರಿಂದ 110ಕ್ಕೆ ಹೋದರೆ ಸಿಗುವುದು 1.4 ಡೆಸಿಬೆಲ್ ಅಷ್ಟೇ, ಕಿವಿಗೆ ಗೊತ್ತಾಗುವುದೂ ಕಷ್ಟ.

ಮೊದಲು ಪ್ಲಗ್ ಕಿತ್ತು, ಟಾರ್ಚ್ ಹಿಡಿದು ರಿಸೀವರಿನ ಹಿಂಬದಿ ನೋಡಿ. ಎಡಗಡೆಯ ಕೆಂಪು ಟರ್ಮಿನಲ್‌ನಿಂದ ತಾಮ್ರದ ಒಂದು ಎಳೆ ಹೊರಗೆ ಚಾಚಿಕೊಂಡಂತೆ ಕಾಣುತ್ತದೆ. ಅದು ಪಕ್ಕದ ಕಪ್ಪು ಟರ್ಮಿನಲ್‌ಗೆ ಸೋಕಿದರೆ ಶಾರ್ಟ್, ರಿಸೀವರ್ ತನ್ನನ್ನು ಉಳಿಸಿಕೊಳ್ಳಲು ಆರಲೇಬೇಕು. ಎಳೆಗಳನ್ನೆಲ್ಲ ಬಿಗಿಯಾಗಿ ಹೊಸೆದು ಮತ್ತೆ ಸಿಕ್ಕಿಸಿ. ಡೊಂಬಿವಲಿಯಲ್ಲಿ ನಾನು ಎರಡು ವಾರ ರಿಸೀವರನ್ನು ಬೈದ ಮೇಲೆ ಕೊನೆಗೆ ಸಿಕ್ಕ ಕಳ್ಳ ಇಂಥದೇ ಒಂದು ಕೂದಲೆಳೆ.

ಅದು ಸರಿಯಿದ್ದೂ ಆರಿದರೆ ಲೆಕ್ಕ ಹಾಕೋಣ. 84 ಡೆಸಿಬೆಲ್ ಎಂದರೆ 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದದ್ದು. 8 ಓಮ್ ಸ್ಪೀಕರಿಗೆ ಅದು ಒಂದು ವಾಟ್, ನಿಮ್ಮ 4 ಓಮ್‌ಗೆ ಎರಡು ವಾಟ್. ನಿಮ್ಮ ಸೋಫಾ ಮೂರು ಮೀಟರ್ ದೂರದಲ್ಲಿದೆ. ಗೋಡೆಗಳು ಹಿಂದಿರುಗಿಸುವ ಸದ್ದನ್ನೂ ಸೇರಿಸಿ ಅಂದಾಜು 7 ಡೆಸಿಬೆಲ್ ಕಳೆದರೆ ಉಳಿಯುವುದು 77. ಸಿನಿಮಾ ಮಂದಿರದ ಪ್ರಮಾಣದಂತೆ ಒಂದು ಚಾನೆಲಿನ, ಅಂದರೆ ಒಂದು ಸ್ಪೀಕರಿನ, ಗರಿಷ್ಠ ಸದ್ದು 105. ಅಂದರೆ ಇನ್ನೂ 28 ಡೆಸಿಬೆಲ್ ಬೇಕು, ಶಕ್ತಿಯಲ್ಲಿ ಸುಮಾರು 630 ಪಟ್ಟು. ಒಂದೊಂದು ಸ್ಪೀಕರಿಗೂ 1,260 ವಾಟ್! ಅಷ್ಟು ಕೊಟ್ಟರೆ ಸ್ಪೀಕರಿನೊಳಗಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ಸುಟ್ಟ ವಾಸನೆಯೇ ಮೊದಲು ಬಂದೀತು. 95ಕ್ಕೆ ಒಪ್ಪಿಕೊಂಡರೆ 126 ವಾಟ್ ಸಾಕು. ಫ್ಲ್ಯಾಟಿನಲ್ಲಿ 95 ಕೂಡ ಧಾರಾಳವೇ. ನಮ್ಮ ಕೆಳಗಿನ ಮನೆಯ ಕಾಕು ಅದಕ್ಕಿಂತ ಎಷ್ಟೋ ಮೊದಲೇ ಕರೆಗಂಟೆ ಒತ್ತುತ್ತಾರೆ.

ಈ 126 ಇಡೀ ಹೊತ್ತು ಬೇಕಿಲ್ಲ. ಯಕ್ಷಗಾನವನ್ನೇ ನೆನೆಸಿಕೊಳ್ಳಿ. ಭಾಗವತರ ಪದ ಸಾಗುವಾಗ ಒಂದೆರಡು ವಾಟ್‌ನಲ್ಲಿ ಕೆಲಸ ನಡೆಯುತ್ತದೆ, ಚೆಂಡೆಯ ಪೆಟ್ಟು ಬಿದ್ದ ಕ್ಷಣಕ್ಕೆ ನೂರು ಬೇಕು. ಆ ಕ್ಷಣದಲ್ಲಿ ಆಂಪ್ಲಿಫೈಯರ್ ಸೋತರೆ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಅದನ್ನೇ ಕ್ಲಿಪಿಂಗ್ ಎನ್ನುವುದು. ಹಾಗೇ ಜೋರಾಗಿ ನಡೆಸುತ್ತಿದ್ದರೆ ಮೊದಲು ಬಲಿಯಾಗುವುದು ಟ್ವೀಟರ್, ಅಂದರೆ ತೀಕ್ಷ್ಣ ಸ್ವರಗಳ ಪುಟ್ಟ ಸ್ಪೀಕರ್.

ನಿಮ್ಮ ರಿಸೀವರಿನಲ್ಲಿ ಕೊರತೆ ಇರುವುದು ವೋಲ್ಟೇಜಿನದಲ್ಲ. 8 ಓಮ್‌ಗೆ 80 ವಾಟ್ ಎಂದರೆ ಸುಮಾರು 25 ವೋಲ್ಟ್. ನಮಗೆ ಬೇಕಾದದ್ದು 22.5 ಮಾತ್ರ. ಆದರೆ 4 ಓಮ್ ಸ್ಪೀಕರ್ ಆ 22.5 ವೋಲ್ಟಿಗೆ 5.6 ಆಂಪಿಯರ್ ಎಳೆಯುತ್ತದೆ, ಕೆಲವು ಸ್ವರಗಳಲ್ಲಿ ಓಮ್ 3ಕ್ಕೆ ಕುಸಿಯುವ ಕಡೆ 7.5. ಡಬ್ಬಿಯ ಮೇಲಿನ 80ರ ಕೆಳಗೆ ಸಣ್ಣ ಅಕ್ಷರದಲ್ಲಿ ‘2 ಚಾನೆಲ್, 8 ಓಮ್’ ಎಂದಿದೆ, ನೋಡಿ. ಅಂದರೆ ಎರಡೇ ಚಾನೆಲ್ ನುಡಿಯುವಾಗಿನ ಲೆಕ್ಕ ಅದು. ಏಳು ಚಾನೆಲ್‌ಗಳಿಗೂ ಅನ್ನ ಹಾಕುವುದು ಒಂದೇ ಟ್ರಾನ್ಸ್‌ಫಾರ್ಮರ್. ಮೆನುವಿನ 4 ಓಮ್ ಆಯ್ಕೆಯನ್ನು ಒತ್ತಿದರೆ ಶಕ್ತಿ ಹೆಚ್ಚುತ್ತದೆ ಎಂದುಕೊಳ್ಳಬೇಡಿ. ಹೆಚ್ಚಿನ ರಿಸೀವರುಗಳಲ್ಲಿ ಅದು ಬಿಸಿ ತಡೆಯಲು ವೋಲ್ಟೇಜನ್ನೇ ತಗ್ಗಿಸುತ್ತದೆ.

ಖರ್ಚಿಲ್ಲದ ಉಪಾಯ ಒಂದಿದೆ. ರಿಸೀವರ್ ತಾನೇ ಸ್ಪೀಕರುಗಳನ್ನು ಅಳೆಯುವ ಆಟೋ ಸೆಟಪ್ ನಿಮ್ಮ ಟವರ್‌ಗಳನ್ನು ‘ಲಾರ್ಜ್’ ಎಂದು ಬರೆದುಕೊಂಡಿರುತ್ತದೆ. ಅದನ್ನು ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರ್‌ಗೆ ಎಂಬ ಗೆರೆ) 80 ಹರ್ಟ್ಜ್‌ಗೆ ಇಡಿ. ಇಷ್ಟು ದುಡ್ಡು ಕೊಟ್ಟ ಸ್ಪೀಕರ್ ಸ್ಮಾಲ್ ಹೇಗಾದೀತು ಎಂದು ಬೇಸರ ಬೇಡ. ಸ್ಫೋಟದ ಅತ್ಯಂತ ಭಾರದ ಪಾಲು ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರ್‌ನ ಹೆಗಲಿಗೆ ಹೋಗುತ್ತದೆ. ಜೊತೆಗೆ ಆ ಗಾಜಿನ ಬಾಗಿಲಿನ ಶೋಕೇಸಿನಿಂದ ರಿಸೀವರನ್ನು ಹೊರಗೆ ತನ್ನಿ. ಮೇ ತಿಂಗಳಲ್ಲಿ ಒಮ್ಮೆ ನನ್ನ ಶೋಕೇಸಿನ ಬಾಗಿಲು ತೆರೆದಾಗ ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಂತೆ ಮುಖಕ್ಕೆ ಬಿಸಿ ಹೊಡೆದಿತ್ತು.

ಇಷ್ಟಾದ ಮೇಲೂ ಸಾಲದಿದ್ದರೆ ಪವರ್ ಆಂಪ್ಲಿಫೈಯರ್ ಕೊಳ್ಳಿ. ಅದನ್ನು ಜೋಡಿಸಲು ಬೇಕಾದ ಪ್ರೀ-ಔಟ್ ಕಿಂಡಿ ನಿಮ್ಮ ರಿಸೀವರಿನಲ್ಲಿ ಇದೆ, ಅದೃಷ್ಟ. ಮುಂದಿನ ಮೂರು ಸ್ಪೀಕರಿಗೆ ಮೂರು ಚಾನೆಲಿನದು ಇದ್ದರೆ ಒಳ್ಳೆಯದು, ದುಬಾರಿ ಎನಿಸಿದರೆ ಟವರ್‌ಗಳಿಗೆ ಎರಡು ಚಾನೆಲಿನದು. 4 ಓಮ್‌ಗೆ 200 ವಾಟ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ಕ್ಲಾಸ್ ಡಿ ಬಗೆಯದಾದರೂ ಅಡ್ಡಿಯಿಲ್ಲ, ಕಡಿಮೆ ಬಿಸಿಯಾಗುತ್ತದೆ. ಜೋಡಿಸಿದ ಮೇಲೆ ಆಟೋ ಸೆಟಪ್ ಮತ್ತೆ ನಡೆಸಿ, ಟವರ್‌ಗಳು ಪುನಃ ‘ಲಾರ್ಜ್’ ಆಗಿದ್ದರೆ ಮತ್ತೆ ‘ಸ್ಮಾಲ್’ ಮಾಡಿ. ಹಮ್ (ಗುಂಯ್ ಎನ್ನುವ ಸದ್ದು) ಕೇಳಿಸಿದರೆ ರಿಸೀವರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಸಾಕೆಟ್ಟಿಗೆ ಹಾಕಿ ನೋಡಿ.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ಹೊರಡುವ ಮುನ್ನ ಒಂದು ಮಾತು. ನನ್ನ ಬಳಿ ಹಳೆಯ ಎರಡು ಚಾನೆಲಿನ ಆಂಪ್ಲಿಫೈಯರ್ ಸುಮ್ಮನೆ ಬಿದ್ದಿದೆ. ತೂಕ 18 ಕಿಲೋ, ಲೋಕಲ್ ರೈಲಿನಲ್ಲಿ ಹೊತ್ತು ತರುವ ಧೈರ್ಯ ನನಗಿಲ್ಲ. ಶನಿವಾರ ಕಾರು ತಂದರೆ ಒಂದು ವಾರ ಇಟ್ಟುಕೊಂಡು ಕೇಳಿ ನೋಡಿ.