ಮನೆಯಲ್ಲೇ ಕೂತು ಬರೆಯುವವರಿಗೆ ಬರಹಗಾರರ ಸಂಘದಿಂದ ಏನು ಸಿಗುತ್ತದೆ?

ಪ್ರಶ್ನೆ ಕೇಳಿದವರು ತೀರ್ಥಹಳ್ಳಿ ಹತ್ತಿರದ ಊರಿನವರು. ಎರಡು ವರ್ಷದಿಂದ ಮನೆಯಲ್ಲೇ ಅನುವಾದ ಮಾಡುತ್ತಿದ್ದಾರೆ, ಆಗಾಗ ಪತ್ರಿಕೆಗೆ ಬರೆಯುತ್ತಾರೆ. ಬರಹಗಾರರ ಸಂಘ ಸೇರಿದರೆ ಕೆಲಸ ಸಿಗುತ್ತಾ, ಯಾವುದಕ್ಕೆ ಸೇರಬೇಕು, ಸೇರಿ ಏನು ಮಾಡಬೇಕು ಅಂತ ಕೇಳಿದ್ದಾರೆ.

ಸೇರಿದ ಮಾತ್ರಕ್ಕೆ ಏನೂ ಸಿಗುವುದಿಲ್ಲ. ನನಗೆ ಮೊದಲ ಮೂರು ವರ್ಷ ಸಿಕ್ಕಿದ್ದು ಒಂದು ಸದಸ್ಯತ್ವದ ಕಾರ್ಡು, ವರ್ಷಕ್ಕೆ ಹತ್ತು ಹನ್ನೆರಡು ಆಮಂತ್ರಣ ಪತ್ರಿಕೆ, ಅಷ್ಟೇ. ಕೆಲಸ ಸಿಗೋಕೆ ಶುರುವಾದದ್ದು ಕಾರ್ಯಕ್ರಮ ಮುಗಿದ ಮೇಲೆ ನಿಂತು ಜಮಖಾನ ಮಡಿಸಲು ಹೋದ ಮೇಲೆ.

ನಾನು ಶಿವಮೊಗ್ಗದಲ್ಲಿದ್ದೇನೆ. ಹದಿನಾಲ್ಕು ವರ್ಷದಿಂದ ಇದೇ ಹೊಟ್ಟೆಪಾಡು. ಸಂಸ್ಥೆಗಳ ತರಬೇತಿ ಪುಸ್ತಕ, ಕೃಷಿ ಕೈಪಿಡಿ ಅನುವಾದ ಮಾಡುತ್ತೇನೆ. ಇನ್ನೊಬ್ಬರ ಆತ್ಮಕಥೆ ಬರೆದುಕೊಡುತ್ತೇನೆ, ಹೆಸರು ಅವರದ್ದು. ನಿಮ್ಮ ಹಾಗೆ ನಾನೂ ಮೊದಲು 'ಯಾವ ಸಂಘ' ಅಂತಲೇ ಹುಡುಕಿದ್ದು.

ನಮ್ಮ ಕಡೆ ಸಂಘಗಳಿಗೆ ಬರ ಇಲ್ಲ. 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಅದಕ್ಕೆ ಜಿಲ್ಲಾ ಘಟಕ, ತಾಲ್ಲೂಕು ಘಟಕ ಎರಡೂ ಇವೆ, ನೀವು ತೀರ್ಥಹಳ್ಳಿಯಲ್ಲೇ ಆಜೀವ ಸದಸ್ಯರಾಗಬಹುದು. ಶಿವಮೊಗ್ಗದಲ್ಲಿ 1930ರ ಕರ್ನಾಟಕ ಸಂಘ ಇದೆ. ಪ್ರತಿ ವರ್ಷ ಪುಸ್ತಕ ಬಹುಮಾನ ಕೊಡುತ್ತಾರೆ. ಬೆಂಗಳೂರಿನಲ್ಲಿ 1979ರಿಂದ ಕರ್ನಾಟಕ ಲೇಖಕಿಯರ ಸಂಘ ಇದೆ. ಪತ್ರಕರ್ತರಿಗೂ ಅವರದೇ ಸಂಘ ಇದೆ, ಆದರೆ ಅದರ ಹೆಸರಲ್ಲೇ 'ಕಾರ್ಯನಿರತ' ಅಂತ ಇರುವುದನ್ನು ಗಮನಿಸಿ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಆ ಹೆಸರು ಕೊಟ್ಟಿದ್ದು ಒಂದು ಪತ್ರಿಕೆಯಲ್ಲಿ ನೌಕರಿ ಇರುವವರಿಗೆ. ಪೂರ್ಣಾವಧಿಯೋ ಅರೆಕಾಲಿಕವೋ, ನೌಕರಿ ಅಂತ ಒಂದು ಇರಬೇಕು. ಲೇಖನ ಕಳಿಸಿ ಸಂಭಾವನೆಗೆ ಕಾಯುವ ನಾವು ಅದರಲ್ಲಿ ಬರುವುದಿಲ್ಲ.

ಇವುಗಳಲ್ಲಿ ಯಾವುದೂ 'ಪದಕ್ಕೆ ಎಷ್ಟು ಕೊಟ್ಟರು, ಬಿಲ್ ಪಾಸಾಯ್ತಾ' ಅಂತ ಕೇಳುವುದಿಲ್ಲ. ತಪ್ಪಲ್ಲ ಅದು. ಅವು ಹುಟ್ಟಿದ್ದು ಭಾಷೆಗಾಗಿ, ಸಾಹಿತ್ಯಕ್ಕಾಗಿ. ಬ್ರಿಟನ್ನಿನಲ್ಲಿ 1884ರಿಂದ ಸೊಸೈಟಿ ಆಫ್ ಆಥರ್ಸ್ ಅಂತ ಒಂದಿದೆ. ಸದಸ್ಯರು ಸಹಿ ಹಾಕುವ ಮೊದಲು ಅವರ ಒಪ್ಪಂದವನ್ನು ಓದಿ, ಎಲ್ಲಿ ಮೋಸ ಇದೆ ಅಂತ ಹೇಳುತ್ತದೆ. ಅಷ್ಟು ದೂರ ಯಾಕೆ, ಪಕ್ಕದ ಕೇರಳದ ಕೊಟ್ಟಾಯಂನಲ್ಲಿ 1945ರಲ್ಲೇ ಹನ್ನೆರಡು ಜನ ಬರಹಗಾರರು ಸೇರಿ ಸಹಕಾರ ಸಂಘ ಮಾಡಿಕೊಂಡು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದರು. ಇನ್ನೂ ಹತ್ತಿರ ಬೇಕಾದರೆ ಅಡಿಕೆ ಮಾರುವ ನಮ್ಮ ಸಹಕಾರ ಸಂಘ ಮ್ಯಾಮ್ಕೋಸ್ ನೋಡಿ. 1939ರಲ್ಲೇ ಅಡಿಕೆ ಬೆಳೆಗಾರರು ಒಬ್ಬೊಬ್ಬರೇ ಮಂಡಿಗೆ ಹೋಗಿ ಮಾರಿದರೆ ಬರಕತ್ತಿಲ್ಲ ಅಂತ ಒಟ್ಟಾದರು.

ನಿಮ್ಮ ಮನೆಯಲ್ಲೂ ತೋಟ ಇರಬಹುದು. ಇದ್ದರೆ ಗೊತ್ತಿರುತ್ತದೆ: ಅಡಿಕೆ ರೇಟು ಇವತ್ತು ರಾಶಿ ಎಷ್ಟಾಯ್ತು, ಬೆಟ್ಟೆ ಎಷ್ಟಾಯ್ತು, ಗೊರಬಲು ಎಷ್ಟಾಯ್ತು ಅಂತ ಬಸ್ಸಲ್ಲಿ ಕೂತವರೆಲ್ಲ ಗಟ್ಟಿಯಾಗಿ ಮಾತಾಡುತ್ತಾರೆ. ಪೇಪರಲ್ಲಿ ದಿನಾ ಬರುತ್ತದೆ. ಬರಹದ ರೇಟು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾವು ಇಟ್ಟುಕೊಂಡಿರುವ ಪದಗಳೇ ಹಾಗಿವೆ. ಫ್ರೀಲಾನ್ಸ್‌ಗೆ ನಮ್ಮ ಪತ್ರಿಕೆಗಳ ಪದ 'ಹವ್ಯಾಸಿ'. ಹವ್ಯಾಸಕ್ಕೆ ಯಾರು ದುಡ್ಡು ಕೇಳುತ್ತಾರೆ? ಇನ್ನು 'ಸಂಭಾವನೆ'. ನಮ್ಮ ಕಡೆ ಪೂಜೆ ಮಾಡಿಸಿದ ಭಟ್ಟರಿಗೆ ತಾಂಬೂಲದ ಜೊತೆ ಕೊಡುವುದಕ್ಕೂ ಅದೇ ಮಾತು. ಕೊಟ್ಟಷ್ಟು ತೆಗೆದುಕೊಳ್ಳಬೇಕು, ಎಣಿಸಿ ನೋಡಬಾರದು. ನಾನು ಈಗ ಮೇಲ್‌ನಲ್ಲಿ 'ಸಂಭಾವನೆ' ಅಂತ ಬರೆಯುವುದೇ ಇಲ್ಲ. 'ನನ್ನ ದರ' ಅಂತ ಬರೆಯುತ್ತೇನೆ. ಸಣ್ಣ ವಿಷಯ, ಆದರೆ ಎದುರಿನವರ ಉತ್ತರದ ಧಾಟಿ ಬದಲಾಗುತ್ತದೆ.

ಇನ್ನು ಜಮಖಾನದ ಕಥೆ. ನಾಲ್ಕನೇ ವರ್ಷ ಒಂದು ಕಾರ್ಯಕ್ರಮ ಮುಗಿದ ಮೇಲೆ ಮಳೆ ಹಿಡಿದುಕೊಂಡಿತು. ಹೊರಗೆ ಹೋಗುವ ಹಾಗಿರಲಿಲ್ಲ. ಸುಮ್ನೆ ನಿಲ್ಲುವುದು ಯಾಕೆ ಅಂತ ಕುರ್ಚಿ ಎತ್ತಿಟ್ಟೆ, ಜಮಖಾನದ ಇನ್ನೊಂದು ತುದಿ ಹಿಡಿದೆ. ಆ ತುದಿಯಲ್ಲಿ ಇದ್ದವರು ಕಾರ್ಯದರ್ಶಿ. "ಮುಂದಿನ ಸಲ ಆಮಂತ್ರಣದ ಪ್ರೂಫ್ ನೋಡಿಕೊಡ್ತೀರಾ?" ಅಂದರು.

ಆಮಂತ್ರಣದ ಪ್ರೂಫ್ ಅಂದರೆ ಹುಡುಗಾಟ ಅಂದುಕೊಳ್ಳಬೇಡಿ. ಅಕ್ಷರದ ತಪ್ಪು ಹಿಡಿಯುವುದು ಅದರಲ್ಲಿ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಯಾರ ಹೆಸರು ಯಾರ ಮೇಲೆ, ಯಾರು 'ಉಪಸ್ಥಿತಿ', ಯಾರು 'ಮುಖ್ಯ ಅತಿಥಿ' ಅನ್ನುವುದು. ಒಂದು ಸಲ ಒಬ್ಬರ ಹೆಸರಿನ ಹಿಂದಿನ 'ಡಾ.' ಬಿಟ್ಟುಹೋಗಿ ಬೆಳಿಗ್ಗೆ ಆರು ಗಂಟೆಗೆ ನನಗೆ ಫೋನು ಬಂತು. ರಾತ್ರಿ ಒಂಬತ್ತರವರೆಗೆ ಪ್ರೆಸ್ಸಿನಲ್ಲಿ ಡಿಟಿಪಿ ಹುಡುಗನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದೆ. ಫಾಂಟ್ ಬದಲಾಯಿಸುವಾಗ ಒತ್ತಕ್ಷರ ಹಾರಿಹೋಗುವುದು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುವುದು, ಇದನ್ನೆಲ್ಲ ತೋರಿಸುತ್ತಿದ್ದೆ. ಪ್ರೆಸ್ಸಿನ ಮಾಲೀಕರು ಮೂರು ತಿಂಗಳು ನೋಡಿದರು, ಏನೂ ಹೇಳಲಿಲ್ಲ. ಜುಲೈಯಲ್ಲಿ ಒಂದು ಸಹಕಾರ ಸಂಘದ ವಾರ್ಷಿಕ ವರದಿ ನನ್ನ ಕೈಗಿಟ್ಟರು. ಮಲೆನಾಡಿನಲ್ಲಿ ಎಷ್ಟು ಸಹಕಾರ ಸಂಘಗಳಿವೆ, ನಿಮಗೇ ಗೊತ್ತು. ಸೆಪ್ಟೆಂಬರ್ ಮಹಾಸಭೆಯ ಹೊತ್ತಿಗೆ ಎಲ್ಲರಿಗೂ ವರದಿ ಬೇಕು, ಎಲ್ಲರದ್ದೂ ತಪ್ಪು ತುಂಬಿರುತ್ತದೆ. ಇವತ್ತಿಗೂ ನನ್ನ ಮಳೆಗಾಲದ ಖರ್ಚು ನಡೆಯುವುದು ಅದರಲ್ಲೇ. ಈ ಕೆಲಸ ಯಾವ ಜಾಹೀರಾತಿನಲ್ಲೂ ಬಂದದ್ದಲ್ಲ.

ಆದ್ದರಿಂದ ತಾಲ್ಲೂಕು ಘಟಕಕ್ಕೆ ಸೇರಿ. ಹುದ್ದೆ ಕೇಳಬೇಡಿ, ಕೆಲಸ ಕೇಳಿ. ವರದಿ ಬರೆಯುವುದು, ಪ್ರೂಫ್, ಅತಿಥಿಗಳನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವುದು, ಏನಾದರೂ ಆದೀತು. ಖಜಾಂಚಿ ಮಾತ್ರ ಆಗಬೇಡಿ, ಮೊದಲ ವರ್ಷವಂತೂ ಬೇಡ. ಚುನಾವಣೆ ಬಂದಾಗ ಎರಡೂ ಕಡೆಯವರು ಫೋನ್ ಮಾಡುತ್ತಾರೆ. ಓಟು ಹಾಕಿ, ಪ್ರಚಾರಕ್ಕೆ ಹೋಗಬೇಡಿ.

ಹಣದ ಮಾತಿಗೆ ಬೇರೆ ಜಾಗ ಬೇಕು. ನಮಗೆ ಆ ಜಾಗ ಆದದ್ದು ಒಂದು ಕ್ಯಾಂಟೀನಿನ ಮೂಲೆ ಟೇಬಲ್ಲು. ಒಟ್ಟು ಆರು ಜನ, ಹೆಚ್ಚಿನವರು ಸಂಘದ ಕಾರ್ಯಕ್ರಮಗಳಲ್ಲೇ ಪರಿಚಯವಾದವರು. ಇಬ್ಬರು ಅನುವಾದಕರು, ಒಬ್ಬರು ಜಾಹೀರಾತು ಬರೆಯುವವರು, ಭದ್ರಾವತಿ ಆಕಾಶವಾಣಿಗೆ ರೂಪಕ ಬರೆಯುವ ಒಬ್ಬ ಅಕ್ಕ, ಪಠ್ಯಪುಸ್ತಕದ ಗೈಡ್ ಬರೆಯುವ ನಿವೃತ್ತ ಮೇಷ್ಟ್ರು, ನಾನು. ಮೊದಲ ದಿನ ರೇಟಿನ ಮಾತು ಬಂದಾಗ ಎಲ್ಲರೂ ಕಾಫಿ ನೋಡುತ್ತಾ ಕೂತೆವು. ಕೊನೆಗೆ ಮೇಷ್ಟ್ರು ಒಂದು ಉಪಾಯ ಹೇಳಿದರು. ಹೋಟೆಲಿನ ಬಿಲ್ಲಿನ ಹಿಂಭಾಗ ಹರಿದು ಆರು ಚೀಟಿ ಮಾಡಿದರು. ಇಂಗ್ಲಿಷಿನಿಂದ ಕನ್ನಡಕ್ಕೆ ಒಂದು ಪದಕ್ಕೆ ಎಷ್ಟಕ್ಕೆ ಮಾಡುತ್ತೀರಿ, ಮಾಡದವರು ಮಾಡಿದರೆ ಎಷ್ಟು ಕೇಳುತ್ತೀರಿ, ಬರೆದು ಖಾಲಿ ಸ್ಟೀಲ್ ಲೋಟಕ್ಕೆ ಹಾಕಿ ಅಂದರು. ಲೋಟದ ತಳದಲ್ಲಿದ್ದ ನೀರಿಗೆ ಒಂದು ಚೀಟಿ ಒದ್ದೆಯಾಗಿತ್ತು, ಆದರೂ ಓದಲು ಬಂತು. ಮೂವತ್ತೈದು ಪೈಸೆ. ಅದು ನನ್ನದು. ಇನ್ನೊಂದರಲ್ಲಿ ಒಂದು ರೂಪಾಯಿ ಇಪ್ಪತ್ತು ಪೈಸೆ. ಆಮೇಲೆ ಗೊತ್ತಾಯಿತು, ಅದು ಅನುವಾದ ಮಾಡುವ ಒಬ್ಬಳದ್ದು, ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಒಂದೇ ಸಂಸ್ಥೆಗೆ. ಅವಳು ಕೇಳಿದ್ದಳು, ಕೊಟ್ಟಿದ್ದರು. ನಾನು ಕೇಳಿರಲಿಲ್ಲ.

ಆ ತಿಂಗಳೇ ಕೇಳಿದೆ. ಎಂಬತ್ತು ಪೈಸೆಗೆ ಒಪ್ಪಿದರು.

ಈ ಗುಂಪಿನಿಂದ ನಾನು ಕಲಿತ ಇನ್ನೆರಡು ವಿಷಯ ನಿಮಗೂ ಬೇಕಾದೀತು. ಒಂದು, ಬಾಕಿ ವಸೂಲಿ. ಬೆಂಗಳೂರಿನ ಒಂದು ಕಂಪನಿ ನನ್ನ ಬಿಲ್ಲನ್ನು ಎಂಟು ತಿಂಗಳು ಇಟ್ಟುಕೊಂಡಿತು. ಫೋನ್ ಮಾಡಿದರೆ 'ಅಕೌಂಟ್ಸ್‌ನವರು ರಜೆ'. ಗುಂಪಿನಲ್ಲಿ ಒಬ್ಬರು ಉದ್ಯಮ್ ನೋಂದಣಿ ಬಗ್ಗೆ ಹೇಳಿದರು. ಒಬ್ಬರೇ ಕೂತು ಸೇವೆ ಕೊಡುವವರೂ ಸೂಕ್ಷ್ಮ ಉದ್ಯಮ ಅಂತ ಮಾಡಿಸಿಕೊಳ್ಳಬಹುದು, ಆನ್‌ಲೈನಲ್ಲಿ, ಪುಕ್ಕಟೆ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗೆ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದ ಇದ್ದರೂ 45 ದಿನ ಮೀರಿ ಹಣ ತಡೆಹಿಡಿಯುವ ಹಾಗಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿರಬೇಕು, ಜಗಳ ಬಂದ ಮೇಲೆ ಮಾಡಿಸಿದರೆ ಹಳೆ ಬಿಲ್ಲಿಗೆ ಉಪಯೋಗ ಇಲ್ಲ. ನನ್ನದು ಹಾಗೇ ಆಯಿತು. ಅರ್ಧ ದುಡ್ಡು ಬಂತು, ಇನ್ನರ್ಧ ನೀರು ಪಾಲು. ಈಗ ಪ್ರತಿ ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕುತ್ತೇನೆ. ಅದನ್ನು ನೋಡಿದರೇ ಅಕೌಂಟ್ಸ್‌ನವರು ರಜೆಯಿಂದ ವಾಪಸ್ ಬರುತ್ತಾರೆ.

ಎರಡು, ಹಕ್ಕುಸ್ವಾಮ್ಯ. ಆಕಾಶವಾಣಿಗೆ ಬರೆಯುವ ಅಕ್ಕ ಒಂದು ಪತ್ರಿಕೆಗೆ ವಾರವಾರ ಬರೆದ ಲೇಖನಗಳನ್ನು ಆ ಪತ್ರಿಕೆಯವರು ಕೇಳದೆ ಪುಸ್ತಕ ಮಾಡಿ ಮಾರಿದರು. ಅಕ್ಕ, 'ಅವರಿಗೇ ಕೊಟ್ಟಾಯ್ತಲ್ಲ, ಇನ್ನೇನು' ಅಂತ ಬಿಟ್ಟುಬಿಟ್ಟಿದ್ದರು. 1957ರ ಕಾಯ್ದೆ ಹಾಗೆ ಹೇಳುವುದಿಲ್ಲ. ನೀವು ನೌಕರರಲ್ಲದಿದ್ದರೆ ಬರೆದದ್ದು ನಿಮ್ಮದೇ. ಹಕ್ಕನ್ನು ಬಿಟ್ಟುಕೊಟ್ಟಿದ್ದೀರಿ ಅನ್ನಲು ನಿಮ್ಮ ಸಹಿ ಇರುವ ಕಾಗದ ಬೇಕು. ಆ ಕಾಗದದಲ್ಲಿ ಅವಧಿ ಬರೆದಿರದಿದ್ದರೆ ಅದು ಐದೇ ವರ್ಷಕ್ಕೆ, ಜಾಗ ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ಇಷ್ಟನ್ನು ಸೇರಿಸಿ ಎಲ್ಲರೂ ಕೂತು ಒಂದು ಪುಟದ ಪತ್ರ ಬರೆದೆವು. ಬೈಗುಳ ಇಲ್ಲ, ಕೋರ್ಟಿನ ಹೆದರಿಕೆ ಇಲ್ಲ. ಹದಿನೈದು ದಿನಕ್ಕೆ ಚೆಕ್ಕು ಬಂತು. ಒಬ್ಬರೇ ಬರೆದಿದ್ದರೆ ಬರುತ್ತಿತ್ತೋ ಇಲ್ಲವೋ.

ಎಲ್ಲ ಸರಿಯಾಗೇ ನಡೆಯಿತು ಅಂತಲ್ಲ. ಎರಡನೇ ವರ್ಷ ನಾನು ಹುಮ್ಮಸ್ಸಿನಲ್ಲಿ 'ಇನ್ನು ಮೇಲೆ ಎಪ್ಪತ್ತೈದು ಪೈಸೆಗಿಂತ ಕಡಿಮೆಗೆ ಯಾರೂ ಮಾಡಬಾರದು' ಅಂತ ಠರಾವು ಮಂಡಿಸಿದೆ. ಇಬ್ಬರು ಬರುವುದನ್ನೇ ನಿಲ್ಲಿಸಿದರು. ಒಬ್ಬಳ ಮನೆಯಲ್ಲಿ ಆಗ ಅವಳದ್ದೊಂದೇ ದುಡಿಮೆ. ಕಡಿಮೆ ರೇಟಿನ ಕೆಲಸ ಬಿಟ್ಟರೆ ಗ್ಯಾಸ್ ಸಿಲಿಂಡರ್‌ಗೂ ಕಷ್ಟ ಇತ್ತು. ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಅವಳು ವಾಪಸ್ ಬಂದಳು, ಇನ್ನೊಬ್ಬರು ಬರಲಿಲ್ಲ. ಈಗ ರೇಟು ಹೇಳಿಕೊಳ್ಳುತ್ತೇವೆ ಅಷ್ಟೇ, ಹೇರುವುದಿಲ್ಲ.

ರಿಜಿಸ್ಟರ್ ಮಾಡಿಸಬೇಕಾ ಅಂತ ನೀವು ಮುಂದೆ ಕೇಳಬಹುದು. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು. ನಮಗೆ ಏಳನೆಯವರು ಸಿಕ್ಕಾಗ ಬೈಲಾ ಬರೆಯಲು ಕೂತೆವು. ಪ್ರತಿ ವರ್ಷ ಮಹಾಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ, ಎಲ್ಲವನ್ನೂ ರಿಜಿಸ್ಟ್ರಾರ್‌ಗೆ ಕೊಡುತ್ತಿರಬೇಕು. ಇದನ್ನು ಮಾಡುವವರು ಯಾರು ಅಂದಾಗ ಎಲ್ಲರೂ ಮತ್ತೆ ಕಾಫಿ ನೋಡಿದರು. ಅಧ್ಯಕ್ಷರು ಯಾರು ಅನ್ನುವುದಕ್ಕೆ ಮಾತ್ರ ಮೂರು ಹೆಸರು ಬಂದವು! ಬೈಲಾ ಅಲ್ಲಿಗೇ ನಿಂತಿತು. ನನಗೆ ಬೇಸರವಿಲ್ಲ. ಅನುದಾನ ಬೇಕಿದ್ದರೆ, ಬ್ಯಾಂಕ್ ಖಾತೆ ಬೇಕಿದ್ದರೆ ನೋಂದಣಿ ಬೇಕು. ಚೀಟಿ ಹಾಕಲು ಲೋಟ ಸಾಕು.

ತೀರ್ಥಹಳ್ಳಿಯಲ್ಲೇ ನಾಲ್ಕು ಜನ ಸಿಕ್ಕರೆ ಅಲ್ಲೇ ಶುರು ಮಾಡಿ. ಶಿವಮೊಗ್ಗ ಅರವತ್ತು ಕಿಲೋಮೀಟರ್, ಮಳೆಗಾಲದಲ್ಲಿ ಪ್ರತಿ ತಿಂಗಳು ಬರುವುದು ಕಷ್ಟ. ಹೊಸನಗರದಿಂದ ಬರುವವರೊಬ್ಬರು ಜೂನ್‌ನಲ್ಲಿ ಕಾಣೆಯಾದರೆ ಮತ್ತೆ ಕಾಣುವುದು ದಸರಾಕ್ಕೆ. ಅಂದಹಾಗೆ, ಹೆಗ್ಗೋಡಿನಲ್ಲಿ ರಂಗಸಂಸ್ಥೆ ನೀನಾಸಂನವರು ಅಕ್ಟೋಬರ್ ಸುಮಾರಿಗೆ ನಡೆಸುವ ಸಂಸ್ಕೃತಿ ಶಿಬಿರಕ್ಕೆ ಒಂದು ವರ್ಷವಾದರೂ ಹೋಗಿ. ಕೆಲಸ ಹುಡುಕಿಕೊಂಡು ಹೋಗಬೇಡಿ, ಊಟದ ಸಾಲಿನಲ್ಲಿ ಪಕ್ಕ ನಿಂತವರ ಜೊತೆ ಮಾತಾಡಿ. ನಮ್ಮ ಗುಂಪಿನ ಜಾಹೀರಾತಿನವರು ನನಗೆ ಸಿಕ್ಕಿದ್ದು ಅಲ್ಲೇ.

ನಮ್ಮ ಕಡೆಗೇ ಬರುತ್ತೀರಾದರೆ ಮಳೆ ಮುಗಿದ ಮೇಲೆ ಬನ್ನಿ. ನಿಮ್ಮ ಕೊನೆಯ ಮೂರು ಬಿಲ್ ತನ್ನಿ. ರೇಟು ಬಾಯಲ್ಲಿ ಹೇಳಲು ಮುಜುಗರವಾದರೆ ಪರವಾಗಿಲ್ಲ, ಈಗ ಲೋಟ ಒರೆಸಿ ಇಡುತ್ತೇವೆ.